ದನಿ ಜಾರುವುದೇಕೆ? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಔರಾದ ತಾಲ್ಲೂಕಿನ ಓದುಗರೊಬ್ಬರು ಭಜನಾ ಮಂಡಳಿಯಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸುತ್ತಾರೆ. ಗೆಳೆಯನ ಜೊತೆ ಬೀದರಿನ ಚರ್ಚಿಗೆ ಹೋಗಿ ಅಲ್ಲಿನ ಹಾಡಿಗೆ ಮನಸೋತಿದ್ದಾರೆ. ಕ್ರಿಸ್‌ಮಸ್ ಕ್ವಾಯರ್‌ನಲ್ಲಿ ಬೇಸ್, ಅಂದರೆ ಗಂಡಸರ ತಗ್ಗುದನಿ, ಹಾಡಲು ಕರೆ ಬಂದಿದೆ. ಅವರ ಪ್ರಶ್ನೆಗಳು: ಆ ಧರ್ಮದವನಲ್ಲದೆ ಹಾಡಿದರೆ ಮೋಸವೇ? ಎರಡನೇ ಸಾಲಿಗೇ ದನಿ ಮುಖ್ಯ ಧಾಟಿಗೆ ಜಾರುವುದೇಕೆ? ಪೇಟಿ ಒಯ್ಯಬಹುದೇ? ಮಗ ಮತ ಬಿಡುತ್ತಾನೆಂದು ತಾಯಿಗೆ ಆತಂಕವಂತೆ.

ಮೋಸ ಅನ್ನುವುದು ದೊಡ್ಡ ಮಾತಾಯಿತು. ಮೊಹರಮ್ಮಿನಲ್ಲಿ ಹಿಂದೂಗಳೂ ಕರ್ಬಲಾ ಕಥೆಯ ರಿವಾಯತ್ ಪದ ಹಾಡುವ ಸೀಮೆ ನಮ್ಮದು. ಮುಚ್ಚಿಟ್ಟರೆ ಮಾತ್ರ ತೊಡಕು. ಸಭಾಪಾಲಕರಿಗೆ (ಚರ್ಚಿನ ಪಾಸ್ಟರಿಗೆ) ಮೊದಲೇ ಹೇಳಿಬಿಡಿ. ಆರಾಧನೆಯ ಹಾಡಿಗೆ ಸದಸ್ಯರೇ ಬೇಕು ಎಂದರೆ ಬೇಸರಿಸದೆ ಕ್ಯಾರಲ್ ಸಂಜೆಗಷ್ಟೇ ಹಾಡಿ. ಸಭೆ ತನ್ನ ನಂಬಿಕೆಯನ್ನು ಒಟ್ಟಿಗೆ ಹೇಳುವ ವಿಶ್ವಾಸ ಪ್ರಮಾಣದ ವೇಳೆ ಎಲ್ಲರ ಜೊತೆ ಎದ್ದು ನಿಂತರೆ ಸಾಕು, 'ನಂಬುತ್ತೇನೆ' ಎಂಬ ಮಾತನ್ನು ನಂಬುವವರಿಗೆ ಬಿಡಿ. ರೊಟ್ಟಿ, ದ್ರಾಕ್ಷಾರಸ ಕೊಡುವ ಪ್ರಭುಭೋಜನದ ಹೊತ್ತಿಗೆ ಕೂತಲ್ಲೇ ಇರಿ. ಗುಡಿಯ ರೂಢಿಯಿಂದ ಅದನ್ನೂ ಪ್ರಸಾದವೆಂದುಕೊಂಡು ಕೈಯೊಡ್ಡುವುದು ನಮ್ಮವರು ಸಹಜವಾಗಿ ಮಾಡುವ ತಪ್ಪು. ಕ್ಯಾಥೊಲಿಕರಲ್ಲಿ ಅದರ ಹೆಸರೇ ಪರಮಪ್ರಸಾದ, ಹಾಗಾಗಿ ಅಲ್ಲಿ ಇನ್ನೂ ಎಚ್ಚರ ಬೇಕು. ತಾಯಿಯವರಿಗೆ ಹೇಳಿ: ಕ್ರೈಸ್ತರಾಗಲು ದೀಕ್ಷಾಸ್ನಾನ ಕೇಳಿ ಪಡೆಯಬೇಕು, ಹಾಡಿದ ಮಾತ್ರಕ್ಕೆ ಅದು ಆಗುವುದಿಲ್ಲ.

ಇನ್ನು ದನಿ. ಭಜನೆಯಲ್ಲಿ ಮುಂದಾಳು ಹಾಡಿದ ಧಾಟಿಯನ್ನೇ ಎಲ್ಲರೂ ಎತ್ತಿಕೊಳ್ಳುತ್ತಾರೆ. ವರ್ಷಗಟ್ಟಲೆ ಹಾಗೆ ಪಳಗಿದ ಕಿವಿ, ಪಕ್ಕದವರ ಸ್ವರ ಕೇಳಿದೊಡನೆ ಅತ್ತ ವಾಲುತ್ತದೆ. ಕ್ವಾಯರ್ ಕೇಳುವುದು ಅದರ ವಿರುದ್ಧದ್ದನ್ನು: ಸೊಪ್ರಾನೊ (ಹೆಂಗಸರ ಏರುದನಿ) ಧಾಟಿ ಹಿಡಿದರೆ ಆಲ್ಟೊ (ಹೆಂಗಸರ ತಗ್ಗುದನಿ), ಟೆನರ್ (ಗಂಡಸರ ಏರುದನಿ), ಬೇಸ್ ಬೇರೆ ಬೇರೆ ಸ್ವರದಲ್ಲಿ ನಿಲ್ಲಬೇಕು. ಬೇಸ್ ಹೆಚ್ಚಾಗಿ ಸಾ, ಮ, ಪ ಸುತ್ತಲೇ ನಡೆಯುತ್ತದೆ, ಮುಕ್ತಾಯಕ್ಕೆ ಬಹುಪಾಲು ಪದಿಂದ ಸಾಗೆ ಬಂದು ನಿಲ್ಲುತ್ತದೆ. ಪೇಟಿಯ ಬಿಳಿ ಒಂದಕ್ಕೆ (ಸಿ ಮನೆಗೆ) ಸಾ ಹಿಡಿದರೆ ಬೇಸ್ ದನಿಯ ಹರವು ಸುಮಾರು ಮಂದ್ರದ (ಕೆಳ ಸ್ಥಾಯಿಯ) ಗದಿಂದ ತಾರದ (ಮೇಲಿನ ಸ್ಥಾಯಿಯ) ಸಾವರೆಗೆ.

ಅಭ್ಯಾಸ ಹೀಗಿರಲಿ. ಬೇಸ್ ಸಾಲನ್ನಷ್ಟೇ ಪೇಟಿಯಲ್ಲಿ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪದ ಬೇಡ, ಮೊದಲು ಸರಿಗಮದಲ್ಲೇ ಹಾಡಿ. ನೋಡದೆ ಬರುವಂತಾದ ಮೇಲೆ ಬಲಗೈಯಲ್ಲಿ ಮುಖ್ಯ ಧಾಟಿ ನುಡಿಸುತ್ತ ಬಾಯಲ್ಲಿ ಬೇಸ್ ಹಾಡಿ. ನಿಮ್ಮಂಥ ಪೇಟಿಯವರಿಗೇ ಇದು ಕಷ್ಟ, ಏಕೆಂದರೆ ಬೆರಳು ಹೋದತ್ತ ಗಂಟಲು ಹೋಗುವುದು ರೂಢಿ. ನಾಲ್ಕು ಸಾಲು ಜಾರದೆ ದಾಟಿದರೆ ಹಾಡು ಕೈಸೇರಿದಂತೆ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರಿಸುವುದು) ಹಾಕಬೇಡಿ: ಒಬ್ಬರ ಸ್ವರ ಎಳೆದಾಡಿದರೂ ನಾಲ್ಕು ದನಿಯ ಕೂಡಿಕೆ ಕಲಕುತ್ತದೆ. ಪ್ರತಿ ಹಾಡಿಗೂ ಪಟ್ಟಿ (ಸಾ ಹಿಡಿಯುವ ಮನೆ) ಬದಲಾಗುತ್ತದೆ, ಎಫ್ ಎಂದರೆ ಬಿಳಿ ನಾಲ್ಕು, ಇ ಫ್ಲ್ಯಾಟ್ ಎಂದರೆ ಕರಿ ಎರಡು. ಗಟ್ಟಿಯಾಗಿ ಹಾಡಿ ಉಳಿದವರನ್ನು ಮುಳುಗಿಸಬೇಡಿ. ಮೆಥೋಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿ 1761ರಲ್ಲೇ ತಮ್ಮ ಜನಕ್ಕೆ ಅರಚಬೇಡಿ ಎಂದು ಬರೆದಿದ್ದರು. ನಮ್ಮ ಭಜನಾ ಮಂಡಳಿಗಳೂ ಓದಬೇಕಾದ ಮಾತು, ಮೈಕ್ ಬಂದ ಮೇಲಂತೂ.

ಪತ್ರದಲ್ಲಿ ನೀವು ಎಲ್ಲವನ್ನೂ 'ಗಾಸ್ಪೆಲ್' ಅಂದಿದ್ದೀರಿ. ಗಾಸ್ಪೆಲ್ ಅಮೆರಿಕದ ಕರಿಯ ಜನರ ಚರ್ಚುಗಳಲ್ಲಿ ಬೆಳೆದದ್ದು. ಒಬ್ಬರು ಕರೆದು ಗುಂಪು ಓಗೊಡುವ ರೀತಿ ತತ್ವಪದದವರಿಗೆ ಹೊಸದೇನಲ್ಲ, ಎಡವುವುದು ಚಪ್ಪಾಳೆಯಲ್ಲಿ. ಕೆಹರವಾ ತಾಳದಲ್ಲಿ ನಾವು ಸಮ್ಮಿಗೆ (ಮೊದಲ ಮಾತ್ರೆಗೆ) ತಟ್ಟುತ್ತೇವೆ, ಅವರು ನಾಲ್ಕು ಎಣಿಕೆಯಲ್ಲಿ ಎರಡಕ್ಕೂ ನಾಲ್ಕಕ್ಕೂ ತಟ್ಟುತ್ತಾರೆ. ಒಂದು, ಮೂರಕ್ಕೆ ಕಾಲು ನೆಲಕ್ಕೆ ಹೊಡೆಯುತ್ತ, ಎರಡು, ನಾಲ್ಕಕ್ಕೆ ಕೈ ತಟ್ಟಿ ನೋಡಿ. ಲಯ ಏರಿದಂತೆ ಕೈ ತಾನೇ ಕಾಲಿನ ಜಾಗಕ್ಕೆ ಬಂದುಬಿಡುತ್ತದೆ, ಆಗ ನಿಲ್ಲಿಸಿ ನಿಧಾನದಿಂದ ಮತ್ತೆ ಹಿಡಿಯಿರಿ. ಕನ್ನಡದ ಕ್ರೈಸ್ತ ಹಾಡಿಗೆ ಢೋಲಕ್ ಇದ್ದರೆ ನಿಮ್ಮ ಹಳೇ ಚಪ್ಪಾಳೆಯೇ ಸರಿಹೊಂದೀತು. ಅಂದಹಾಗೆ, ಅಲ್ಲಿ 'ಕೀರ್ತನೆ 23' ಎಂದು ಕರೆದರೆ ಪೇಟಿಗೆ ಕೈ ಹಾಕಬೇಡಿ. ಕನ್ನಡ ಬೈಬಲಿನಲ್ಲಿ ಕೀರ್ತನೆಗಳು ಎಂಬುದು 150 ಅಧ್ಯಾಯಗಳ ಒಂದು ಪುಸ್ತಕ, ಬಹಳ ಸಲ ಅದನ್ನು ಓದುತ್ತಾರಷ್ಟೆ.

ಪೇಟಿ ಒಯ್ಯುವ ಮುಂಚೆ ಚರ್ಚಿನ ಕೀಬೋರ್ಡಿನ ಜೊತೆ ಸಾ ಹಿಡಿದು ನೋಡಿ. ಕೀಬೋರ್ಡಿನ ಎ ಸ್ವರ ಸಾಮಾನ್ಯವಾಗಿ ಸೆಕೆಂಡಿಗೆ 440 ಕಂಪನಕ್ಕೆ ಕೂತಿರುತ್ತದೆ, ಹಳೇ ಪೇಟಿ ಹೆಚ್ಚುಕಡಿಮೆ ಇರುವುದುಂಟು. ಎರಡೂ ಕೂಡಿದಾಗ ಅಲೆಯಲೆಯಾಗಿ ನಡುಗಿದ ಸದ್ದು ಬಂದರೆ ಸುರ ಕೂಡಿಲ್ಲ ಎಂದೇ ಅರ್ಥ. ಆಗ ಪೇಟಿಯೊಳಗಿನ ರೀಡಿಗೆ (ಸ್ವರ ಹೊರಡಿಸುವ ಲೋಹದ ನಾಲಿಗೆಗೆ) ಕೈ ಹಚ್ಚಬೇಡಿ: ತುದಿ ಕೆರೆದರೆ ಸುರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಒಂದು ಸಂಜೆಗಾಗಿ ಅಷ್ಟೂ ರೀಡು ಕೆರೆದರೆ ಪೇಟಿ ಹಾಳು. ಕೀಬೋರ್ಡಿನ ಟ್ಯೂನಿಂಗ್ ಗುಂಡಿಯನ್ನೇ ನಿಮ್ಮ ಪೇಟಿಗೆ ಹೊಂದಿಸಿ, ಗಿಟಾರಿನವರಿಗೂ ಹಾಡಿಗೆ ಮೊದಲೇ ಆ ಸುರ ಕೊಡಿ.