ಎಮ್ಮೆ ಹಾಲು ಮತ್ತು ನಮ್ಮ ತೆರಿಗೆ ದುಡ್ಡು

ಪ್ರಶ್ನೆ: ಮೇಡಂ, ಸರ್ಕಾರಿ ಪ್ರಯೋಗಾಲಯಗಳಿಗೆ ನಮ್ಮ ತೆರಿಗೆ ದುಡ್ಡು ಯಾಕೆ ಸುರಿಯಬೇಕು? ಸಂಶೋಧನೆ ಬೇಕಿದ್ದರೆ ಕಂಪನಿಗಳೇ ಮಾಡಿಕೊಳ್ಳಲಿ, ಅಲ್ವಾ?
— ಓದುಗರೊಬ್ಬರು, ತಿಪಟೂರು

ಉತ್ತರ: ಲಾಭ ಕಂಡರೆ ಕಂಪನಿಗಳು ಖಂಡಿತ ಮಾಡುತ್ತವೆ. ಆದರೆ ಕೆಲವು ತೊಂದರೆಗಳು ನಮ್ಮವೇ. ಅವನ್ನು ಬಗೆಹರಿಸಲು ಬೇರೆಯವರಿಗೆ ಏನು ಅವಸರ?

1950ರ ದಶಕದಲ್ಲಿ ಎಳೆ ಮಕ್ಕಳ ಹಾಲಿನ ಪುಡಿ ಹೊರದೇಶದಿಂದ ಬರುತ್ತಿತ್ತು. ಅದನ್ನು ಕೊಳ್ಳಲು ವಿದೇಶಿ ವಿನಿಮಯಕ್ಕೇ ಬರ. ನಮ್ಮಲ್ಲಿ ಸಿಗುತ್ತಿದ್ದ ಹಾಲಲ್ಲಿ ಎಮ್ಮೆಯದೇ ಜಾಸ್ತಿ. ಅದು ಮಕ್ಕಳ ಪುಡಿಗೆ ಆಗೋಲ್ಲ ಎಂಬ ಮಾತಿತ್ತು.

ಕಾರಣ ಇಲ್ಲದೆ ಇರಲಿಲ್ಲ. ಆಹಾರ ವಿಜ್ಞಾನದ ತರಗತಿಯಲ್ಲಿ ನಾನು ಎರಡು ಲೋಟ ಇಡುತ್ತಿದ್ದೆ, ಒಂದರಲ್ಲಿ ಹಸುವಿನ ಹಾಲು, ಇನ್ನೊಂದರಲ್ಲಿ ಎಮ್ಮೆಯದು. ಉಗುರುಬೆಚ್ಚಗೆ ಮಾಡಿ ಎರಡಕ್ಕೂ ಒಂದಿಷ್ಟು ರೆನೆಟ್ (ಹಾಲನ್ನು ಗಟ್ಟಿ ಕಟ್ಟಿಸುವ ಕಿಣ್ವ) ಹಾಕುವುದು. ಕಟ್ಟಿದ ಮೇಲೆ ಚಮಚ ಆಡಿಸಿದರೆ ಹಸುವಿನ ಹಾಲಿನದು ಮೆತ್ತಗೆ ಒಡೆಯುತ್ತದೆ. ಎಮ್ಮೆಯದು ಗಟ್ಟಿ ಗಡ್ಡೆ, ಚಮಚಕ್ಕೆ ಅಡ್ಡ ನಿಲ್ಲುತ್ತದೆ. ಕೂಸಿನ ಹೊಟ್ಟೆಯಲ್ಲೂ ಹೀಗೇ ಕಟ್ಟಿದರೆ ಅರಗುವುದು ಕಷ್ಟ. ಮೇಲೆ ಜಿಡ್ಡೂ ಜಾಸ್ತಿ.

ಮೈಸೂರಿನ ಸರ್ಕಾರಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಈ ಕೆಲಸ ಹಿಡಿಯಿತು. ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿನವರು ಜಿಡ್ಡು ಇಳಿಸಿ, ಗಡ್ಡೆ ಮೆತ್ತಗಾಗುವ ಹಾಗೆ ಹದ ಮಾಡಿ, ಸಕ್ಕರೆ, ವಿಟಮಿನ್ ಕೂಡಿಸಿ ಪುಡಿ ಮಾಡುವ ವಿಧಾನ ಕಂಡುಕೊಂಡರು. ಅದನ್ನು ಗುಜರಾತಿನ ಆನಂದ್‌ನ ಹಾಲು ಒಕ್ಕೂಟಕ್ಕೆ ಕೊಟ್ಟರು. ಅಮುಲ್ ಡಬ್ಬಿ ಅಂಗಡಿಗೆ ಬಂದದ್ದು ಹೀಗೆ. ಎಮ್ಮೆ ಕಟ್ಟಿದ ರೈತರ ಮನೆಗೇ ದುಡ್ಡು ಹೋಯಿತು. (ತಾಯಿಹಾಲಿಗೆ ಸಮ ಯಾವ ಪುಡಿಯೂ ಅಲ್ಲ, ಬಿಡಿ. ಆದರೆ ಅದು ಸಿಗದ ಕೂಸುಗಳೂ ಇರುತ್ತವೆ.)

ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿಯೂ ಅಷ್ಟೇ. ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು, 1962ರಿಂದ ತಯಾರಿ ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆಯದು.

ಎಲ್ಲ ಪ್ರಯೋಗಾಲಯಗಳೂ ಹೀಗೆ ದುಡಿದಿವೆ ಅಂತ ನಾನು ಹೇಳಲಾರೆ. ಕೆಲವು ಸಂಶೋಧನೆಗಳು ವರದಿಯಲ್ಲೇ ಉಳಿದಿವೆ, ಅದು ನನಗೂ ಸಂಕಟ. ಅದಕ್ಕೆ ಲೆಕ್ಕ ಕೇಳಿ, ಕೇಳಲೇಬೇಕು. ಆದರೆ ದುಡ್ಡು ಸುರಿಯುತ್ತಿದ್ದೇವೆ ಅನ್ನುವುದನ್ನು ಒಪ್ಪಲಾರೆ. ಸರ್ಕಾರದ್ದು, ಕಂಪನಿಗಳದ್ದು ಎಲ್ಲ ಸೇರಿಸಿದರೂ ಸಂಶೋಧನೆಗೆ ನಾವು ಖರ್ಚು ಮಾಡುವುದು ಜಿಡಿಪಿಯ ಶೇ 1ಕ್ಕಿಂತ ಕಡಿಮೆ. ನನ್ನ ಪ್ರಕಾರ ಅದು ಸಾಲದು.