ಒಂಬತ್ತು ವರ್ಷದಿಂದ ಮನೆಯಿಂದಲೇ ಆನ್‌ಲೈನ್ ಪಾಠ ಮಾಡುತ್ತಿದ್ದೇನೆ. ಕ್ಲಾಸುಗಳ ನಡುವಿನ ಬಿಡುವಿನಲ್ಲಿ ಸ್ವಂತ ಕೋರ್ಸಿಗೆ ಟಿಪ್ಪಣಿಯನ್ನೂ ಬರೆದಿಟ್ಟಿದ್ದೇನೆ. ಕೆಲಸ ಬಿಟ್ಟು ಸ್ವಂತ ಕೋರ್ಸ್ ಆರಂಭಿಸಲೇ, ಪಠ್ಯ ತಯಾರಿಸುವ ಬೇರೆ ಕೆಲಸಕ್ಕೆ ಹೋಗಲೇ?

ಕ್ಲಾಸುಗಳ ನಡುವಿನ ಬಿಡುವಿನಲ್ಲಿ ಸ್ವಂತ ಕೋರ್ಸಿಗೆ ಟಿಪ್ಪಣಿ ಬರೆದಿಟ್ಟಿದ್ದೇನೆ ಎಂದಿದ್ದೀರಲ್ಲ, ಆ ಸಾಲು ಓದಿ ನನ್ನ ಎದೆ ಧಸಕ್ಕೆಂದಿತು.

ನಾನು ಶಿರಸಿ ಕಡೆಯವನು. 2020ರಲ್ಲಿ ಲಾಕ್‌ಡೌನ್ ಬಂದು ಪಿಯು ಕಾಲೇಜಿನ ಬಾಗಿಲು ಮುಚ್ಚಿದಾಗ ಒಂದು ಆನ್‌ಲೈನ್ ಕಂಪನಿಯಲ್ಲಿ ಭೌತಶಾಸ್ತ್ರ ಹೇಳಲು ಸೇರಿದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳು ‘ವೇಗೋತ್ಕರ್ಷ’ ಎಂದರೆ ಥಟ್ಟನೆ ಲೆಕ್ಕ ಬಿಡಿಸುತ್ತಿದ್ದರು; ‘ಆಕ್ಸಿಲರೇಷನ್’ ಎಂದರೆ ಪೆನ್ನು ನಿಲ್ಲುತ್ತಿತ್ತು. ಸಿಇಟಿಯ ಭೌತಶಾಸ್ತ್ರ ಪತ್ರಿಕೆಯಲ್ಲಿ 60 ಪ್ರಶ್ನೆಗೆ ಸಿಗುವುದು 80 ನಿಮಿಷ. ಪದಕ್ಕೇ ತಡವರಿಸುತ್ತ ಕುಳಿತರೆ ಲೆಕ್ಕ ಮಾಡುವುದು ಯಾವಾಗ? ಅವರಿಗಾಗಿ ಎರಡೂ ಭಾಷೆಯಲ್ಲಿ ಟಿಪ್ಪಣಿ ಬರೆಯತೊಡಗಿದೆ. ಎರಡು ವರ್ಷದಲ್ಲಿ ನಾನೂರು ಪುಟವಾಯಿತು.

ತಪ್ಪಾದದ್ದು ಬರೆದ ಜಾಗದಲ್ಲಿ. ಕಂಪನಿ ಕೊಟ್ಟ ಲ್ಯಾಪ್‌ಟಾಪು, ಕಂಪನಿಯ ಇಮೇಲ್ ಖಾತೆ, ಅದೇ ಖಾತೆಯ ಡ್ರೈವ್. ನನ್ನ ಹಳೆಯ ಕಂಪ್ಯೂಟರು ಪಕ್ಕದಲ್ಲೇ ಇತ್ತು, ನಿಧಾನ ಎಂದು ಮುಟ್ಟಲಿಲ್ಲ, ಅಷ್ಟೇ ಕಾರಣ. 2022ರಲ್ಲಿ ರಾಜೀನಾಮೆ ಕಳುಹಿಸಿದ ಸಂಜೆಯೇ ಖಾತೆ ಮುಚ್ಚಿದರು. ಪ್ರತಿ ಕೊಡಿ ಎಂದು ಬೇಡಿಕೊಂಡೆ. ನೇಮಕಾತಿ ಪತ್ರದ ಒಂಬತ್ತನೇ ಪುಟ ನೋಡಿ ಎಂದರು. ಕೆಲಸದ ಅವಧಿಯಲ್ಲಿ ನಾನು ಸಿದ್ಧಪಡಿಸಿದ ಬೋಧನಾ ಸಾಮಗ್ರಿಯೆಲ್ಲ ಅವರದು ಎಂದು ಅಲ್ಲಿತ್ತು. ಕೆಳಗೆ ನನ್ನದೇ ಸಹಿ. ಪತ್ರದಲ್ಲಿ ಆ ಮಾತು ಇಲ್ಲದಿದ್ದರೂ ನನಗೆ ದಾರಿ ಸಲೀಸಾಗಿರಲಿಲ್ಲ: ಬೇರೆ ಒಪ್ಪಂದವಿಲ್ಲದಿದ್ದರೆ ಉದ್ಯೋಗದ ಭಾಗವಾಗಿ ಬರೆದುದರ ಮೊದಲ ಒಡೆತನವನ್ನು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಉದ್ಯೋಗದಾತನಿಗೇ ಕೊಡುತ್ತದೆ. ರಾತ್ರಿ ಬರೆದದ್ದು ಎಂದು ವಾದಿಸಬಹುದಿತ್ತು. ಆದರೆ ಬರೆದದ್ದೂ ಅವರ ಯಂತ್ರದಲ್ಲಿ, ಪುರಾವೆ ಇದ್ದದ್ದೂ ಅವರ ಬಳಿ. ಗೇಣಿ ಜಮೀನಿನಲ್ಲಿ ಅಡಿಕೆ ಸಸಿ ನೆಟ್ಟವನ ಕಥೆ ನನ್ನದಾಯಿತು.

ಹಾಗಾಗಿ ಕೆಲಸ ಬಿಡಲೇ ಬೇಡವೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ನೇಮಕಾತಿ ಪತ್ರ ತೆಗೆದು ಓದಿ. ಹೊರಗಿನ ಕೆಲಸಕ್ಕೆ ಅನುಮತಿ ಬೇಕೆಂದಿದ್ದರೆ ಲಿಖಿತವಾಗಿ ಕೇಳಿ. ಈಗಿರುವ ಟಿಪ್ಪಣಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬರುವ ಜಾಣತನ ಬೇಡ, ಅದು ಇನ್ನೊಂದು ರಗಳೆ. ನ್ಯೂಟನ್ನನ ನಿಯಮ ಯಾರಪ್ಪನ ಸ್ವತ್ತೂ ಅಲ್ಲ. ಅದನ್ನು ನಿಮ್ಮ ಮನೆಯಲ್ಲಿ, ನಿಮ್ಮ ಯಂತ್ರದಲ್ಲಿ, ಹೊಸ ಮಾತುಗಳಲ್ಲಿ ಬರೆಯಿರಿ. ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕೈಯಿಂದಲೇ ಮತ್ತೆ ಶುರು ಮಾಡಿದೆ. ಎರಡನೇ ಬಾರಿ ನೂರ ಎಪ್ಪತ್ತು ಪುಟಕ್ಕೇ ಮುಗಿಯಿತು. ಹೊಟ್ಟೆ ಉರಿದರೂ ಹೇಳಬೇಕು, ಮೊದಲಿನದಕ್ಕಿಂತ ಚೆನ್ನಾಗಿದೆ.

ಪಠ್ಯ ತಯಾರಿಕೆಯ ಕೆಲಸದ ಬಗ್ಗೆಯೂ ಕೇಳಿದ್ದೀರಿ. ಅದರ ಪ್ರಮಾಣಪತ್ರಕ್ಕೆ ಹಣ ಸುರಿಯಬೇಡಿ. ನೀವೇ ಮಾಡಿದ ಎರಡು ಒಳ್ಳೆಯ ಪಾಠ ತೋರಿಸಿದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಕೋರ್ಸಿಗೆಂದು ಸಾಮಾನು ಕೊಳ್ಳುವ ಮುಂಚೆ ನಾಲ್ಕು ಮಕ್ಕಳಿಗೆ ಫೋನಿನಲ್ಲೇ ಪಾಠ ಹೇಳಿ ನೋಡಿ. ನಾನು ಹನ್ನೊಂದು ಸಾವಿರ ಕೊಟ್ಟು ತಂದ ಮೈಕು ಪೆಟ್ಟಿಗೆಯಲ್ಲೇ ಇದೆ. ನಮ್ಮ ಕಡೆಯ ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಹೊಡೆಯುವಾಗ ಯಾವ ಮೈಕಿನ ಆಟವೂ ನಡೆಯುವುದಿಲ್ಲ.