ಬಾಗಿಲ ಹಿಂದಿನ ಸೀಟಿ

ಆಸ್ಟಿನ್ ಟೌನ್‌ನಿಂದ ಬಂದ ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಅಯ್ಯೋ ಪಾಪ ಅನ್ನಿಸಿತು, ಎರಡನೇ ಸಲ ಸಿಟ್ಟು ಬಂತು. ಮೂರನೇ ಸಲ ಓದಿದ ಮೇಲೆ ರಾತ್ರಿ ಊಟ ಸೇರಲಿಲ್ಲ.

ನಿಮಗೆ ಐವತ್ತೆರಡು. ವರ್ಷಗಳಿಂದ ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ನಮ್ಮೂರ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿಗಾಗಿ ಗಂಟಲು ಹರಿದುಕೊಂಡವರು. ಹೊರ ಊರಿನ ಪಂದ್ಯ ಇದ್ದರೆ ಟಿವಿ ಮುಂದೆ ಕೂರುತ್ತೀರಿ. ರೆಫರಿ ಎಡವಿದ ಅನ್ನಿಸಿದರೆ ಕೂಗಾಡುತ್ತೀರಿ, 'ದುಡ್ಡು ತಿಂದಿದ್ದಾನೆ' ಅನ್ನುತ್ತೀರಿ, ಸೋತರೆ ಎರಡು ದಿನ ಮನೆಯಲ್ಲಿ ಮಾತಿಲ್ಲ. ನಿಮ್ಮಾಕೆ ಟಿವಿ ಮಾರಿಬಿಡೋಣ ಎಂದಿದ್ದಾರೆ. ಮ್ಯಾಚ್ ನೋಡುವುದನ್ನೇ ಬಿಡಲೇ ಎಂದು ಕೇಳಿದ್ದೀರಿ.

ಬಿಡಬೇಡಿ. ಇಷ್ಟು ವರ್ಷದ ಪ್ರೀತಿಯನ್ನು ಗುಜರಿಗೆ ಹಾಕಿ ಅಂತ ನಾನು ಯಾರಿಗೂ ಹೇಳಲಾರೆ. ನಿಮ್ಮ ಸಂಕಟವೂ ಸುಳ್ಳಲ್ಲ. 2023ರ ಮಾರ್ಚ್ 18, ಗೋವಾದ ಫಟೋರ್ಡಾದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್. 2-2ರ ನಾಲ್ಕು ಗೋಲಿನಲ್ಲಿ ಮೂರು ಪೆನಾಲ್ಟಿಯಿಂದಲೇ ಬಂದವು. 85ನೇ ನಿಮಿಷದಲ್ಲಿ ಎದುರಾಳಿ ಎಟಿಕೆ ಮೋಹನ್ ಬಾಗಾನ್‌ಗೆ ಸಿಕ್ಕಿದ ಪೆನಾಲ್ಟಿ ನಿಮ್ಮ ಎದೆಯಲ್ಲಿ ಇನ್ನೂ ಮುಳ್ಳಾಗಿ ಕೂತಿದೆ. ಆಮೇಲೆ ಶೂಟೌಟ್‌ನಲ್ಲಿ 4-3ರ ಸೋಲು. ನಿಮ್ಮ ತಂಡದ ಮಾಲೀಕ ಪಾರ್ಥ್ ಜಿಂದಾಲ್ ಅವರೇ ಲೀಗ್‌ಗೆ ವಿಎಆರ್, ಅಂದರೆ ರೆಫರಿಯ ತೀರ್ಪನ್ನು ವಿಡಿಯೊ ನೋಡಿ ಪರಿಶೀಲಿಸುವ ವ್ಯವಸ್ಥೆ, ಬೇಕು ಎಂದು ಬಹಿರಂಗವಾಗಿ ಹೇಳಿದ್ದರು. ಬೇಕೇ ಬೇಕು, ಜೋರಾಗಿ ಕೇಳಿ.

ಆದರೆ ನಿಮ್ಮ ಪತ್ರದಲ್ಲಿ ಮಾರ್ಚ್ 18 ನಾಲ್ಕು ಸಲ ಬಂದಿದೆ, ಅದೇ ತಿಂಗಳ 3ನೇ ತಾರೀಖು ಒಂದು ಸಲವೂ ಇಲ್ಲ. ಅವತ್ತು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು, ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಸಾಲಾಗಿ ನಿಂತು ಗೋಡೆ ಕಟ್ಟಿಕೊಳ್ಳುವ ಮೊದಲೇ ನಿಮ್ಮ ತಂಡದ ಸುನಿಲ್ ಛೆಟ್ರಿ ಫ್ರೀ ಕಿಕ್ ಒದ್ದುಬಿಟ್ಟರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ಆಟಗಾರರನ್ನು ಮೈದಾನದಿಂದಲೇ ಕರೆದುಕೊಂಡು ಹೋದರು, ಫುಟ್‌ಬಾಲ್ ಫೆಡರೇಷನ್ ಆ ತಂಡಕ್ಕೆ 4 ಕೋಟಿ ರೂಪಾಯಿ ದಂಡ ಹಾಕಿತು. ಆ ರಾತ್ರಿ ಕೊಚ್ಚಿಯ ಯಾವುದೋ ಮನೆಯಲ್ಲಿ ನಿಮ್ಮಂಥ ಅಪ್ಪನೇ ಕೂಗಾಡಿರುತ್ತಾನೆ. ನೀವು ಅವತ್ತು ರೆಫರಿಯನ್ನು ಬೈದಿರಾ?

ಇನ್ನು ನನ್ನ ಊಟ ಕೆಡಿಸಿದ ಸಾಲು. ಸಹಿಗೆ ಸ್ವಲ್ಪ ಮುಂಚೆ ಬರೆದಿದ್ದೀರಿ: 'ಮಗ ರೆಫರಿ ತರಬೇತಿಗೆ ಹೋಗುತ್ತಿದ್ದ, ಭಾನುವಾರ ಮಕ್ಕಳ ಮ್ಯಾಚುಗಳಿಗೆ ಸೀಟಿ ಊದುತ್ತಿದ್ದ. ಈಗ ಸೀಟಿ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿದೆ. ಅದು ಬೇರೆ ವಿಷಯ.'

ಬೇರೆ ವಿಷಯ ಹೇಗಾದೀತು? ಹತ್ತೊಂಬತ್ತರ ಹುಡುಗ ಟಿವಿ ಇರುವ ಅದೇ ಕೋಣೆಯಲ್ಲಿ ಕೂತು ಕೇಳಿಸಿಕೊಂಡಿದ್ದಾನೆ. ಕುರುಡ, ಕಳ್ಳ, ಮಾರಿಕೊಂಡವನು. ತಾನು ಇಷ್ಟಪಟ್ಟು ಹಿಡಿದ ಕೆಲಸಕ್ಕೆ ಅಪ್ಪ ಇಟ್ಟ ಹೆಸರುಗಳು. ಮೈದಾನದಲ್ಲಿ ಯಾರೋ ಬೈದರೆ ಮನೆಗೆ ಬಂದು ಯಾರ ಹತ್ತಿರ ಹೇಳಿಕೊಳ್ಳಬೇಕು ಅವನು?

ನಮ್ಮಪ್ಪ ಡ್ರಿಲ್ ಮೇಷ್ಟ್ರು. ತಾಲ್ಲೂಕು ಮಟ್ಟದ ಪಂದ್ಯಗಳಿಗೆ ಸೀಟಿ ಹಿಡಿದು ಹೋಗುತ್ತಿದ್ದರು. ಒಮ್ಮೆ ಕಲ್ಲೇಟು ಬಿದ್ದು ಹಣೆ ಒಡೆದುಕೊಂಡು ಬಂದರು. ಅಮ್ಮ ಅರಿಶಿನ ಒತ್ತುತ್ತಾ 'ಇನ್ನು ಹೋಗಬೇಡಿ' ಅಂದರು. ಮುಂದಿನ ವಾರವೇ ಮತ್ತೆ ಹೊರಟರು. ಮನೆಯಲ್ಲಿ ಯಾರೂ ಅವರನ್ನು ಕಳ್ಳ ಅನ್ನುತ್ತಿರಲಿಲ್ಲ, ಅದಕ್ಕೇ ಹೋಗಲಿಕ್ಕಾಯಿತು.

ನಿಮ್ಮ ಬಾಮೈದನ ಮಾತಿಗೆ ಬರುತ್ತೇನೆ. ಪಂದ್ಯ ಮುಗಿದ ಅರ್ಧ ಗಂಟೆಗೆ, ಕೆಂಪು ಗೆರೆ ಎಳೆದ ವಿಡಿಯೊ, ಮಾಜಿ ಆಟಗಾರರ ವಿಶ್ಲೇಷಣೆ, ಎಲ್ಲ ಕಳಿಸಿ ಆರುತ್ತಿದ್ದ ಕೆಂಡಕ್ಕೆ ಗಾಳಿ ಹಾಕುವವರು ಇವರು. ಕಂಠೀರವಕ್ಕೆ ಒಂದು ದಿನವೂ ಬಂದವರಲ್ಲವಂತೆ. ನನ್ನ ಅರ್ಧ ಸಿಟ್ಟು ಇವರ ಮೇಲೆಯೇ. ಸ್ಟುಡಿಯೊದಲ್ಲಿ ಕೂತವರು ನಿಧಾನಗತಿಯಲ್ಲಿ ಹತ್ತು ಸಲ ನೋಡಿ ಹೇಳುವುದನ್ನು ರೆಫರಿ ಓಡುತ್ತಲೇ, ಒಂದೇ ಕಡೆಯಿಂದ, ಒಂದೇ ಸಲ ನೋಡಿ ಹೇಳಬೇಕು. ನಿಧಾನ ಮಾಡಿದರೆ ಸುಮ್ಮನೆ ಕಾಲು ತಾಗಿದ್ದೂ ಒದ್ದ ಹಾಗೆ ಕಾಣುತ್ತದೆ. ಗಂಡ ಹೆಂಡಿರ ಜಗಳವನ್ನೂ ರಿಪ್ಲೇ ಹಾಕಿ ನೋಡಬೇಡಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೆ! ರಾತ್ರಿ ಅವರ ಸಂದೇಶ ತೆರೆಯಬೇಡಿ.

ನೀವು ಮಾಡಬೇಕಾದ್ದು ಒಂದೇ. ಬರುವ ಭಾನುವಾರ ಬೆಳಿಗ್ಗೆ ಮೊಳೆಯಿಂದ ಆ ಸೀಟಿ ತೆಗೆದು ಮಗನ ಕೈಗೆ ಕೊಟ್ಟು, 'ನಡಿ, ನಾನೂ ಬರ್ತೀನಿ' ಅನ್ನಿ. ತಪ್ಪಾಯಿತು ಎಂಬ ಭಾಷಣ ಬೇಡ, ಅವನಿಗೆ ಅರ್ಥವಾಗುತ್ತದೆ. ಒಲ್ಲೆ ಎಂದರೆ ಅದರ ಮುಂದಿನ ಭಾನುವಾರ ಮತ್ತೆ ಕೇಳಿ. ಹೊರಟರೆ ನೀರಿನ ಬಾಟಲಿ ಹಿಡಿದು ಗೆರೆಯಾಚೆ ನಿಲ್ಲಿ, ಆಫ್‌ಸೈಡ್ ಬಗ್ಗೆ ಉಸಿರೆತ್ತಬೇಡಿ. ಪಕ್ಕದಲ್ಲಿ ನಿಂತ ಯಾರಾದರೂ ಅವನನ್ನು 'ಕುರುಡ' ಅಂದರೆ, ಆ ಮಾತು ನಿಮ್ಮ ಕಿವಿಗೆ ಹೇಗೆ ಕೇಳಿಸಿತು ಎಂದು ನನಗೆ ಬರೆಯಿರಿ.